ಮನೆಯ ಕಂಪ್ಯೂಟರಿಗೆ ತಿಂಗಳಿಗೆ ಒಂದು ಗಂಟೆ ಕೊಡಿ

ಮಾಲೂರಿನಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವ ಮಗ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆಯುತ್ತಾನೆ. ಕೋಲಾರದ ಟೊಮೆಟೊ ಮಂಡಿಯಿಂದ ಬಂದ ಯಜಮಾನರು ದಿನದ ಲೆಕ್ಕವನ್ನು ಟ್ಯಾಲಿಗೆ ಏರಿಸುತ್ತಾರೆ. ಶ್ರೀನಿವಾಸಪುರದ ಮಾವಿನ ತೋಟದ ಮನೆಯಲ್ಲಿ ಮಗಳು ಸಿಇಟಿ ಅರ್ಜಿ ತುಂಬುತ್ತಿರುತ್ತಾಳೆ. ಮುಳಬಾಗಿಲಿನ ಮೇಷ್ಟ್ರು ಪ್ರಶ್ನೆಪತ್ರಿಕೆಯನ್ನು ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತಿರುತ್ತಾರೆ. ಅಷ್ಟು ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಎದ್ದು, ಅಪ್‌ಡೇಟ್ ಬಂದಿದೆ, ರೀಸ್ಟಾರ್ಟ್ ಮಾಡಿ ಎಂದು ಕೇಳುತ್ತದೆ. ಎಲ್ಲರ ಉತ್ತರವೂ ಒಂದೇ: ‘ಆಮೇಲೆ’. ಆ ಆಮೇಲೆ ಯಾವತ್ತು ಬರುತ್ತದೆ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಕೆಲವು ಮನೆಗಳಲ್ಲಿ ಎರಡು ಮೂರು ವರ್ಷವಾದರೂ ಬಂದಿರುವುದಿಲ್ಲ. ನಾಳೆ ಎಂದವನ ಮನೆ ಹಾಳು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಸ್ವಲ್ಪ ಕೂತು ನನ್ನ ಮಾತು ಕೇಳಿ.

ಅಪ್‌ಡೇಟ್ ಅಂದರೆ ಏನು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಹೊಸ ಬಣ್ಣ, ಹೊಸ ಗುಂಡಿ, ಹೊಸ ಅಲಂಕಾರ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದೂ ಇರುತ್ತದೆ, ಆದರೆ ಮುಖ್ಯವಾದದ್ದು ಅದಲ್ಲ. ಮಾಲೂರು ಹೆಂಚು ಹೊದಿಸಿದ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲ ಬರುವ ಮೊದಲು ಯಾರಾದರೂ ಮಾಡಿನ ಮೇಲೆ ಹತ್ತಿ ಬಿರುಕು ಬಿಟ್ಟ ಹೆಂಚು ಯಾವುದು ಎಂದು ನೋಡಿ ಬದಲಿಸುತ್ತಿದ್ದರು. ಬಿರುಕು ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಮಳೆ ಬಂದ ಮೇಲೆಯೇ ಗೊತ್ತಾಗುವುದು. ಲಕ್ಷಾಂತರ ಸಾಲು ಬರೆದು ಮಾಡಿದ ತಂತ್ರಾಂಶದಲ್ಲಿಯೂ ಇಂಥ ಬಿರುಕು ಉಳಿದೇ ಉಳಿಯುತ್ತದೆ. ಮಾಡಿದವರು ಅದನ್ನು ಕಂಡುಕೊಂಡಾಗ ತೇಪೆ ತಯಾರಿಸಿ ಕಳಿಸುತ್ತಾರೆ. ಇಲ್ಲೊಂದು ವಿಷಯ ಗಮನಿಸಿ. ತೇಪೆ ಬಂದ ದಿನ ಬಿರುಕು ಎಲ್ಲಿದೆ ಎನ್ನುವುದು ಕಳ್ಳರಿಗೂ ತಿಳಿಯುತ್ತದೆ. ತೇಪೆ ಬಿಚ್ಚಿ ನೋಡಿ ಅದು ಯಾವ ತೂತು ಮುಚ್ಚುತ್ತಿದೆ ಎಂದು ಅವರು ಲೆಕ್ಕ ಹಾಕುತ್ತಾರೆ. ಹಾಗಾಗಿ ಅಪ್‌ಡೇಟ್ ಬಂದ ಮೇಲೂ ಹಾಕಿಕೊಳ್ಳದ ಕಂಪ್ಯೂಟರಿನ ಅಪಾಯ ಮೊದಲಿಗಿಂತ ಜಾಸ್ತಿಯೇ ಆಗುತ್ತದೆ.

ಇದು ಹೆದರಿಸಲು ಹೇಳುವ ಮಾತಲ್ಲ, ನಡೆದ ಸಂಗತಿ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ತೇಪೆ ಕಳಿಸಿತು. ಕಂಪ್ಯೂಟರುಗಳು ಒಂದರ ಜೊತೆ ಇನ್ನೊಂದು ಕಡತ ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯಲ್ಲಿ ಇದ್ದ ತೂತಿಗೆ ಆ ತೇಪೆ. ಹಾಕಿಕೊಂಡವರು ಹಾಕಿಕೊಂಡರು, ಉಳಿದವರು ‘ಆಮೇಲೆ’ ಎಂದರು. ಮೇ 12ರ ಶುಕ್ರವಾರ ವಾನ್ನಾಕ್ರೈ ಎಂಬ ಕೇಡು ಅದೇ ತೂತಿನಿಂದ ನುಗ್ಗಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು. ಬಿಡಿಸಬೇಕಾದರೆ 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಿ ಎಂದು ಪರದೆಯ ಮೇಲೆ ಕೆಂಪು ನೋಟೀಸು ಬಂತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳನ್ನು ಮುಂದಕ್ಕೆ ಹಾಕಬೇಕಾಯಿತು. ಅಷ್ಟು ದೂರ ಏಕೆ, ಮುಳಬಾಗಿಲು ದಾಟಿದರೆ ಸಿಗುವ ಚಿತ್ತೂರು ಜಿಲ್ಲೆಯೂ ಸೇರಿದಂತೆ ಆಂಧ್ರದ ಕೆಲವು ಜಿಲ್ಲೆಗಳ ಪೊಲೀಸ್ ಕಚೇರಿಗಳ ಕಂಪ್ಯೂಟರುಗಳಿಗೂ ಅದು ತಗುಲಿತ್ತು. ಯಾರೋ ಕೆಟ್ಟ ಲಿಂಕ್ ಒತ್ತಿದ್ದರಿಂದ ಹೀಗಾಯಿತು ಎಂದುಕೊಳ್ಳಬೇಡಿ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಲು ಅದಕ್ಕೆ ಯಾರೂ ಏನೂ ಒತ್ತುವುದು ಬೇಕಿರಲಿಲ್ಲ. ಸಿಕ್ಕಿಬಿದ್ದವರಲ್ಲಿ ಬಹುಪಾಲು ವಿಂಡೋಸ್ 7 ಇಟ್ಟುಕೊಂಡವರು. ಅವರಿಗೆ ತೇಪೆ ಹತ್ತಿರ ಹತ್ತಿರ ಎರಡು ತಿಂಗಳಿನಿಂದ ಉಚಿತವಾಗಿ ಸಿದ್ಧವಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

ಇನ್ನು ನೀವು ಹೇಳುವ ಕಾರಣಗಳಿಗೆ ಬರೋಣ. ಎಲ್ಲವನ್ನೂ ಕೇಳಿದ್ದೇನೆ, ಕೆಲವು ನ್ಯಾಯವಾದವೇ.

‘ನೆಟ್ ಖಾಲಿಯಾಗೋಗುತ್ತೆ ಆಂಟಿ’ ಅನ್ನುತ್ತಾರೆ ಹುಡುಗರು. ಮೊಬೈಲಿನ ಹಾಟ್‌ಸ್ಪಾಟ್ ಇಟ್ಟುಕೊಂಡು ಕಂಪ್ಯೂಟರ್ ನಡೆಸುವ ಮನೆಗೆ ಇದು ನಿಜವಾದ ತೊಂದರೆ. ವಿಂಡೋಸಿನ ತಿಂಗಳ ಅಪ್‌ಡೇಟ್ ಒಮ್ಮೊಮ್ಮೆ ಒಂದು ಜಿಬಿ ದಾಟುತ್ತದೆ. ದಿನದ ಪ್ಯಾಕಿನ ಅರ್ಧ ಅಲ್ಲಿಗೇ ಹೋಯಿತು. ಆದರೆ ಅದಕ್ಕೆಂದು ಅಪ್‌ಡೇಟನ್ನೇ ನಿಲ್ಲಿಸುವುದು ಬೇಡ. ಯಾರೂ ಸಿನಿಮಾ ನೋಡದ ಒಂದು ದಿನ ನೋಡಿ, ರಾತ್ರಿ ಮಲಗುವ ಮೊದಲು ಆ ದಿನದ ಉಳಿದ ಡೇಟಾದಲ್ಲಿ ಇಳಿಸಿಕೊಳ್ಳಿ. ಡೇಟಾ ಉಳಿಸಲೆಂದು ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಯಾರೋ ಆನ್ ಮಾಡಿ ಹೋಗಿರುತ್ತಾರೆ. ಅದು ಆನ್ ಇದ್ದರೆ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ. ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ಆದರೆ ತಿಂಗಳಿಗೊಮ್ಮೆ ನೀವೇ ಹೋಗಿ ‘ಡೌನ್‌ಲೋಡ್’ ಒತ್ತಬೇಕು ಎನ್ನುವುದನ್ನು ಮರೆಯಬೇಡಿ.

‘ಮಧ್ಯದಲ್ಲಿ ಕರೆಂಟ್ ಹೋದರೆ?’ ಇದೂ ಒಪ್ಪುವ ಮಾತು. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಮರದ ಕೊಂಬೆ ತಂತಿ ಮೇಲೆ ಬಿದ್ದರೆ ಹಳ್ಳಿಯ ಕಡೆ ಕರೆಂಟಿಗೆ ಗ್ಯಾರಂಟಿ ಇಲ್ಲ. ಲ್ಯಾಪ್‌ಟಾಪ್ ಇದ್ದವರು ಬ್ಯಾಟರಿ ತುಂಬಿಸಿ, ಚಾರ್ಜರ್ ಚುಚ್ಚಿಯೇ ಶುರು ಮಾಡಿ. ಮೇಜಿನ ಕಂಪ್ಯೂಟರ್ ಇದ್ದವರು ಯುಪಿಎಸ್ ಬ್ಯಾಟರಿ ಇನ್ನೂ ಬದುಕಿದೆಯೇ ನೋಡಿ. ಹೆಸರಿಗೆ ಯುಪಿಎಸ್ ಇದ್ದು ಎರಡು ನಿಮಿಷವೂ ನಿಲ್ಲದ್ದು ಎಷ್ಟೋ ಮನೆಗಳಲ್ಲಿದೆ. ಪೇಪರಿನಲ್ಲಿ ಬೆಸ್ಕಾಂನವರ ‘ವಿದ್ಯುತ್ ವ್ಯತ್ಯಯ’ ಬರುತ್ತದಲ್ಲ, ಆ ದಿನ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. ಅಪ್‌ಡೇಟ್ ನಡೆಯುವಾಗ ಶೇಕಡಾವಾರು ಅಂಕಿ ಒಂದೇ ಕಡೆ ನಿಂತಿತೆಂದು ಸ್ವಿಚ್ ಆರಿಸುವ ಚಾಳಿ ಮಾತ್ರ ಬಿಡಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಅದು ಅರ್ಧ ಗಂಟೆ ಅಲುಗದೆ ನಿಲ್ಲಬಹುದು. ತಾಳಿದವನು ಬಾಳಿಯಾನು.

ಮೇಷ್ಟ್ರುಗಳು, ಟೈಪಿಂಗ್ ಮಾಡುವವರು ಹೇಳುವ ಕಾರಣ ಬೇರೆ: ‘ನುಡಿ ಕೆಟ್ಟೋದರೆ ಏನು ಮಾಡೋದು?’ ವರ್ಷಗಟ್ಟಲೆ ಮಾಡಿದ ಟಿಪ್ಪಣಿ, ಪ್ರಶ್ನೆಪತ್ರಿಕೆ ಎಲ್ಲ ಹಳೆಯ ನುಡಿ ಫಾಂಟಿನಲ್ಲಿ ಇರುವವರಿಗೆ ಈ ಭಯ ಸಹಜ. ತಿಂಗಳ ತೇಪೆಗಳು ನಿಮ್ಮ ಕಡತ ಅಳಿಸುವುದಕ್ಕೆ ಬರುವಂಥವಲ್ಲ, ಧೈರ್ಯವಾಗಿರಿ. ವಿಂಡೋಸಿನ ಆವೃತ್ತಿಯೇ ಬದಲಾಗುವಾಗ ನುಡಿಯನ್ನು ಮತ್ತೆ ಹಾಕಿಕೊಳ್ಳಬೇಕಾಗಬಹುದು, ಅಷ್ಟೆ. ಕನ್ನಡ ಗಣಕ ಪರಿಷತ್ತು ನುಡಿಯನ್ನು ಉಚಿತವಾಗಿಯೇ ಕೊಡುತ್ತದೆ, ಹೊಸದನ್ನು ಅಲ್ಲಿಂದಲೇ ತೆಗೆದುಕೊಳ್ಳಿ. ಪಕ್ಕದ ಮನೆಯ ಪೆನ್‌ಡ್ರೈವಿನಿಂದ ಬೇಡ. ಇನ್ನೊಂದು ಮಾತು. ಯೂನಿಕೋಡಿಗೆ ಬನ್ನಿ. ಹಳೆಯ ಫಾಂಟಿನ ಬರಹವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡ್ ಕನ್ನಡ ಎಲ್ಲಿ ತೆರೆದರೂ ಕನ್ನಡವೇ. 2019ರ ಮೇ ತಿಂಗಳ ಆವೃತ್ತಿಯಿಂದ ವಿಂಡೋಸ್ 10ರಲ್ಲಿಯೇ ಕನ್ನಡದ ಫೊನೆಟಿಕ್ ಕೀಲಿಮಣೆ ಬಂದಿದೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಮೂಡುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಅಪ್‌ಡೇಟಿಗೆ ಹೆದರಿ ಕುಳಿತವರಿಗೆ ಆ ಅನುಕೂಲವೂ ತಪ್ಪಿತು ನೋಡಿ.

ನನಗೆ ನಿಜವಾಗಿ ಕೋಪ ಬರುವುದು ನಾಲ್ಕನೆಯ ಕಾರಣಕ್ಕೆ. ‘ಅಂಗಡಿಯವರೇ ಅಪ್‌ಡೇಟ್ ಆಫ್ ಮಾಡಿ ಕೊಟ್ಟಿದ್ದಾರೆ, ಆನ್ ಮಾಡಬೇಡಿ ಅಂದಿದ್ದಾರೆ.’ ಏಕೆ ಹಾಗಂದರು ಎಂದು ಒಮ್ಮೆಯಾದರೂ ಕೇಳಿದಿರಾ? ಕಂಪ್ಯೂಟರಿಗೆ ಮೂವತ್ತು ನಲವತ್ತು ಸಾವಿರ ಕೊಟ್ಟು, ವಿಂಡೋಸಿಗೆ ಹಣ ಕೊಡುವುದು ಬೇಡವೆಂದು ಕಳ್ಳ ಪ್ರತಿ ಹಾಕಿಸಿಕೊಳ್ಳುತ್ತೀರಿ. ಅದನ್ನು ಅಸಲಿಯಂತೆ ತೋರಿಸಲು ‘ಆಕ್ಟಿವೇಟರ್’ ಎಂಬ ಸಣ್ಣ ತಂತ್ರಾಂಶ ಹಾಕುತ್ತಾರೆ. ಅದು ಕೆಲಸ ಮಾಡಲೆಂದು ಸಾಮಾನ್ಯವಾಗಿ ಮೊದಲು ಆಂಟಿವೈರಸ್ ಆರಿಸುತ್ತಾರೆ, ಆಮೇಲೆ ಅಪ್‌ಡೇಟ್ ನಿಲ್ಲಿಸುತ್ತಾರೆ. ಅಂದರೆ ಮನೆಯ ಕಾವಲುಗಾರನನ್ನು ಹೊರಗೆ ಕಳಿಸಿ, ಯಾರು ಬರೆದರೋ ಗೊತ್ತಿಲ್ಲದ ತಂತ್ರಾಂಶಕ್ಕೆ ಯಜಮಾನಿಕೆ ಒಪ್ಪಿಸಿದಿರಿ. ಅದೇ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ. ಟ್ಯಾಲಿಯ ಕ್ರ್ಯಾಕ್ ಪ್ರತಿಯೂ ಇದೇ ಜಾತಿ. ಮಂಡಿಯ ಲೆಕ್ಕ, ರೈತರ ಬಾಕಿ, ಜಿಎಸ್‌ಟಿ ಎಲ್ಲವನ್ನೂ ಅದರ ಕೈಗೆ ಕೊಡುವುದು ಯಾವ ಜಾಣತನ? ಅತಿ ಆಸೆ ಗತಿ ಕೇಡು. ಹೊಸದು ಕೊಳ್ಳುವಾಗ ವಿಂಡೋಸ್ ಜೊತೆಗೇ ಬರುವ ಯಂತ್ರವನ್ನೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಈಗಾಗಲೇ ಕಳ್ಳ ಪ್ರತಿ ಇದ್ದವರು ಸರಿಯಾದ ಲೈಸೆನ್ಸ್ ಕೊಂಡು ಹೊಸದಾಗಿ ಹಾಕಿಸಿ. ಎಲ್ಲ ಅಂಗಡಿಯವರೂ ಹೀಗೆ ಮಾಡುತ್ತಾರೆ ಎನ್ನುತ್ತಿಲ್ಲ. ನೀವು ಸರಿಯಾದದ್ದು ಕೇಳಿದರೆ ಅವರು ಸರಿಯಾದದ್ದೇ ಕೊಡುತ್ತಾರೆ.

ನಿಮ್ಮ ಮನೆಯಲ್ಲಿ ಇರುವುದು ಯಾವ ವಿಂಡೋಸ್ ಎಂದಾದರೂ ಗೊತ್ತೇ? ಗೊತ್ತಿಲ್ಲದಿದ್ದರೆ ವಿಂಡೋಸ್ ಚಿಹ್ನೆಯ ಕೀಲಿ ಮತ್ತು ‘ಆರ್’ ಕೀಲಿಯನ್ನು ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ ಇಂಗ್ಲಿಷಿನಲ್ಲಿ ‘ವಿನ್‌ವರ್’ (winver) ಎಂದು ಟೈಪು ಮಾಡಿ ಎಂಟರ್ ಕೊಡಿ, ಸೆಕೆಂಡಿನಲ್ಲಿ ಹೇಳುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಅಪ್‌ಡೇಟ್ ಮುಗಿಯಿತು, 8.1ಕ್ಕೆ 2023ರ ಜನವರಿ 10ಕ್ಕೆ. ಇವೆರಡನ್ನು ಇಟ್ಟುಕೊಂಡು ಬ್ಯಾಂಕಿನ ಕೆಲಸ ಮಾಡಬೇಡಿ, ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಅವುಗಳ ಮೇಲೆ ಕ್ರೋಮ್ ಬ್ರೌಸರ್ ಕೂಡ 2023ರಲ್ಲಿಯೇ 109ನೆಯ ಆವೃತ್ತಿಗೆ ನಿಂತುಹೋಗಿದೆ.

ಹೆಚ್ಚು ಮನೆಗಳಲ್ಲಿ ನಾನು ಕಂಡಿರುವುದು ವಿಂಡೋಸ್ 10. ಅದರ ಮಾಮೂಲು ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಆನ್ ಆಗುತ್ತಿದೆಯಲ್ಲ, ಎಲ್ಲ ಸರಿಯಾಗಿದೆಯಲ್ಲ ಎಂದು ಸುಮ್ಮನಿರಬೇಡಿ. ನಿಮಗಿರುವುದು ಮೂರು ದಾರಿ. ಯಂತ್ರ ಹೊಂದುವಂತಿದ್ದರೆ ವಿಂಡೋಸ್ 11 ಉಚಿತವಾಗಿ ಸಿಗುತ್ತದೆ. ಸಾಮಾನ್ಯವಾಗಿ 2018ರಿಂದ ಈಚೆಗೆ ಬಂದ ಯಂತ್ರಗಳು ಹೊಂದುತ್ತವೆ, ಅದಕ್ಕೂ ಹಿಂದಿನ ಬಹುತೇಕ ಯಂತ್ರಗಳು ಹೊಂದುವುದಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಅದನ್ನು ತಿಳಿಸುತ್ತದೆ. ಹೊಂದದ ಯಂತ್ರಕ್ಕೆ ಅಡ್ಡದಾರಿಯಲ್ಲಿ 11 ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ಹಾಗಾಗಿ ಬೇಡ. ಎರಡನೆಯದು, ವಿಂಡೋಸ್ 10ಕ್ಕೇ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯಲು ಹೆಸರು ನೋಂದಾಯಿಸುವುದು. ಮನೆಬಳಕೆಯವರಿಗೆ ಇದನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಾಗಿಲ್ಲ. ಇದು ಹೊಸ ಯಂತ್ರಕ್ಕೆ ಹಣ ಹೊಂದಿಸಲು ಸಿಗುವ ಸಮಯ ಎಂದು ತಿಳಿಯಿರಿ. ಮೂರನೆಯದು ಲಿನಕ್ಸ್. ಲಿನಕ್ಸ್ ಮಿಂಟ್, ಉಬುಂಟು ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುತ್ತದೆ, ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ, ಕನ್ನಡವೂ ಬರುತ್ತದೆ. ಬ್ರೌಸರ್, ಪಾಠ, ಪತ್ರ ಬರೆಯುವುದು ಇಷ್ಟೇ ಇದ್ದವರಿಗೆ ಸಾಕು. ವಿಂಡೋಸಿಗೆಂದೇ ಮಾಡಿದ ಟ್ಯಾಲಿಯಂಥದ್ದು ಬೇಕಾದವರಿಗೆ ಹೊಂದುವುದಿಲ್ಲ.

ವಿಂಡೋಸ್ ಒಂದನ್ನೇ ನೋಡಿಕೊಂಡರೆ ಸಾಲದು. ಬ್ರೌಸರ್ ನಿಮ್ಮ ಮನೆಯಿಂದ ಹೊರಗೆ ಹೋಗುವ ಬಾಗಿಲು. ಕ್ರೋಮ್ ತಾನಾಗಿಯೇ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಆದರೆ ಮುಚ್ಚಿ ತೆರೆದರೆ ಮಾತ್ರ ಅದು ಜಾರಿಗೆ ಬರುತ್ತದೆ. ನಲವತ್ತು ಪುಟ ತೆರೆದಿಟ್ಟುಕೊಂಡು ವಾರಗಟ್ಟಲೆ ಮುಚ್ಚದೆ ಇರುವ ಮಕ್ಕಳಿಗೆ ಇದನ್ನು ತಿಳಿಸಿ ಹೇಳಿ. ಮೇಲೆ ಬಲಗಡೆ ಮೂರು ಚುಕ್ಕಿ ಒತ್ತಿ, ‘ಹೆಲ್ಪ್’, ಅಲ್ಲಿ ‘ಅಬೌಟ್ ಗೂಗಲ್ ಕ್ರೋಮ್’ ಎಂದು ಹೋದರೆ ಸಾಕು, ಅದೇ ಹುಡುಕಿ ಹಾಕಿಕೊಳ್ಳುತ್ತದೆ. ಇನ್ನು ವಿನ್‌ರಾರ್. ಜೋಡಿಸಿ ಕಟ್ಟಿದ ಕಡತ ಬಿಚ್ಚಲು ಎಂದೋ ಹಾಕಿಸಿಕೊಂಡು ಮರೆತ ತಂತ್ರಾಂಶ. ಅದು ತಾನಾಗಿ ಅಪ್‌ಡೇಟ್ ಆಗುವುದೇ ಇಲ್ಲ. 2023ರಲ್ಲಿ ಅದರ ಒಂದು ಕೆಟ್ಟ ತೂತನ್ನು ಕಳ್ಳರು ತಿಂಗಳುಗಟ್ಟಲೆ ಬಳಸಿಕೊಂಡಿದ್ದರು, 6.23ನೆಯ ಆವೃತ್ತಿಯಲ್ಲಿ ಅದನ್ನು ಮುಚ್ಚಿದರು. 2025ರಲ್ಲಿ ಮತ್ತೊಂದು ಸಿಕ್ಕಿತು, 7.13ರಲ್ಲಿ ಮುಚ್ಚಿದರು. ನಿಮ್ಮಲ್ಲಿ ಇರುವುದು ಅದಕ್ಕಿಂತ ಹಳೆಯದಾದರೆ ಇವತ್ತೇ ತೆಗೆದುಹಾಕಿ. ಫ್ಲ್ಯಾಶ್ ಪ್ಲೇಯರಿನ ಕಾಲ 2020ರ ಡಿಸೆಂಬರ್ 31ಕ್ಕೇ ಮುಗಿದಿದೆ, ಅದು ಇನ್ನೂ ಇದ್ದರೆ ಅದನ್ನೂ ತೆಗೆಯಿರಿ. ಅವಧಿ ಮುಗಿದ ಆಂಟಿವೈರಸ್ ಇಟ್ಟುಕೊಂಡು ಪ್ರಯೋಜನವಿಲ್ಲ. ಅದನ್ನು ತೆಗೆದರೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಕಾವಲಿಗೆ ನಿಲ್ಲುತ್ತದೆ. ಬಳಸದ ತಂತ್ರಾಂಶ ಎಷ್ಟು ಕಡಿಮೆ ಇದ್ದರೆ ನಿಮಗೆ ಅಷ್ಟು ಕೆಲಸ ಕಡಿಮೆ.

ನನ್ನ ಮಾತು ಕೇಳಿದಿರಿ ಎಂದು ಅಪ್‌ಡೇಟ್ ಎಂದು ಬರೆದದ್ದನ್ನೆಲ್ಲ ಒತ್ತಿಬಿಡಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಯಾವುದೋ ಸಿನಿಮಾ ಇಳಿಸುವ ಪುಟ ತೆರೆದಾಗ ‘ನಿಮ್ಮ ಕ್ರೋಮ್ ಹಳೆಯದಾಗಿದೆ, ಇಲ್ಲಿ ಒತ್ತಿ’ ಎಂದು ಬರುತ್ತದಲ್ಲ, ಅದು ಬಲೆ. ಅಸಲಿ ಅಪ್‌ಡೇಟ್ ಸೆಟ್ಟಿಂಗ್ಸ್ ಒಳಗೆ, ಆಯಾ ತಂತ್ರಾಂಶದ ಒಳಗೆ ಅಥವಾ ಅದನ್ನು ಮಾಡಿದವರ ಹತ್ತಿರವೇ ಸಿಗುತ್ತದೆ. ಮೈಕ್ರೋಸಾಫ್ಟಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಎನಿಡೆಸ್ಕ್ ಹಾಕಿಕೊಳ್ಳಿ ಎಂದು ಫೋನು ಬಂದರೆ ಮಾತಿಲ್ಲದೆ ಇಟ್ಟುಬಿಡಿ. ಆ ಕಂಪನಿ ಹಾಗೆಲ್ಲ ಮನೆ ಮನೆಗೆ ಫೋನು ಮಾಡುವುದಿಲ್ಲ. ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತವೂ ಅಷ್ಟೆ. ಟ್ರಾಫಿಕ್ ದಂಡ, ಪಿಎಂ ಕಿಸಾನ್, ಮದುವೆ ಕರೆಯೋಲೆ ಎಂದು ಯಾವ ಹೆಸರು ಇಟ್ಟಿದ್ದರೂ ತೆರೆಯಬೇಡಿ. ಕೈತಪ್ಪಿ ಒತ್ತಿ ಹಣ ಹೋಯಿತು ಅನ್ನಿ, ಯಾರು ಏನಂದಾರು ಎಂದು ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ಮಕ್ಕಳು ಬಂದು ಹೀಗಾಯಿತು ಎಂದು ಹೇಳಿದರೆ ಅವರನ್ನು ಬೈಯಬೇಡಿ, ಮೊದಲು ಆ ನಂಬರಿಗೆ ಫೋನು ಹೋಗಲಿ.

ಅಪ್‌ಡೇಟಿನಿಂದಲೇ ತೊಂದರೆಯಾದದ್ದೂ ಉಂಟು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ನಮ್ಮ ಪಕ್ಕದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಜನ ಉದ್ದುದ್ದ ಸಾಲಿನಲ್ಲಿ ಕಾದರು. ಆದರೆ ಅದು ದೊಡ್ಡ ದೊಡ್ಡ ಸಂಸ್ಥೆಗಳು ಹಣ ಕೊಟ್ಟು ಹಾಕಿಸಿಕೊಳ್ಳುವ ಭದ್ರತಾ ತಂತ್ರಾಂಶ. ಮನೆಯ ಕಂಪ್ಯೂಟರುಗಳು ಅದರ ಪೆಟ್ಟಿಗೆ ಸಿಕ್ಕಲಿಲ್ಲ. ಅದನ್ನು ನೆಪ ಮಾಡಿಕೊಂಡು ಅಪ್‌ಡೇಟೇ ಬೇಡ ಎನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಭಯ ಇದ್ದವರು ಮೂರು ನಾಲ್ಕು ದಿನ ತಡೆದು ಹಾಕಿಕೊಳ್ಳಿ, ಅಷ್ಟರಲ್ಲಿ ತಪ್ಪಿದ್ದರೆ ಬಯಲಾಗುತ್ತದೆ. ಮೂರು ನಾಲ್ಕು ತಿಂಗಳು ತಡೆಯಬೇಡಿ.

ಅದಕ್ಕಿಂತ ದೊಡ್ಡ ಧೈರ್ಯ ಕಡತಗಳ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದು. ಮಕ್ಕಳ ಮಾರ್ಕ್ಸ್ ಕಾರ್ಡ್, ಪಹಣಿ, ಕ್ರಯಪತ್ರದ ಸ್ಕ್ಯಾನ್, ಮದುವೆಯ ಫೋಟೊ, ಟ್ಯಾಲಿಯ ಬ್ಯಾಕಪ್ ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ಹಾಕಿದ ಮೇಲೆ ಬಿಚ್ಚಿ ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ವಾನ್ನಾಕ್ರೈಯಂಥದ್ದು ಬಂದಾಗ ಅದಕ್ಕೂ ಬೀಗ ಬೀಳುತ್ತದೆ. ಪಹಣಿಯನ್ನಾದರೆ ಸರ್ಕಾರದ ‘ಭೂಮಿ’ ತಾಣದಿಂದ ಮತ್ತೆ ತೆಗೆಯಬಹುದು. ತೀರಿಕೊಂಡ ಅಜ್ಜಿಯ ಫೋಟೊ ಎಲ್ಲಿಂದ ತರುತ್ತೀರಿ?

ಮಾಡುವ ಕ್ರಮ ಇಷ್ಟೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆ ಬಿಡುತ್ತದೆ. ನಮ್ಮಲ್ಲಿ ಆಗ ರಾತ್ರಿಯಾಗಿರುತ್ತದೆ. ಆ ವಾರದ ಶನಿವಾರವೋ ಭಾನುವಾರವೋ ಒಂದು ಗಂಟೆ ತೆಗೆದಿಡಿ. ಮೊದಲು ಕಡತಗಳ ಪ್ರತಿ. ಆಮೇಲೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ‘ಚೆಕ್ ಫಾರ್ ಅಪ್‌ಡೇಟ್ಸ್’. ‘ಪಾಸ್’ ಎಂದು ನಿಲ್ಲಿಸಿಟ್ಟಿದ್ದರೆ ‘ರೆಸ್ಯೂಮ್’ ಒತ್ತಿ. ಇಳಿದು ಮುಗಿದ ಮೇಲೆ ‘ರೀಸ್ಟಾರ್ಟ್’ ಕೊಡಿ. ಬರಿಯ ‘ಶಟ್ ಡೌನ್’ ಕೊಟ್ಟರೆ ಎಷ್ಟೋ ಯಂತ್ರಗಳಲ್ಲಿ ಅದು ಪೂರ್ತಿ ಆರದೆ ಅರೆನಿದ್ದೆಗೆ ಹೋಗುತ್ತದೆ, ಅಪ್‌ಡೇಟ್ ಅಲ್ಲೇ ಬಾಕಿ ಉಳಿಯುತ್ತದೆ. ಗೋಡೆಯ ಸ್ವಿಚ್ ಆರಿಸಿ ಕಂಪ್ಯೂಟರ್ ನಿಲ್ಲಿಸುವವರಿಗಂತೂ ಕೈಮುಗಿದು ಹೇಳುತ್ತೇನೆ, ಬಿಡಿ ಆ ಅಭ್ಯಾಸ. ರೀಸ್ಟಾರ್ಟ್ ಆಗಿ ಯಂತ್ರ ಎದ್ದು ಬಂದ ಮೇಲೆ ಇನ್ನೊಮ್ಮೆ ‘ಚೆಕ್’ ಒತ್ತಿ, ಬಾಕಿ ಇದ್ದರೆ ಅದೂ ಆಗಲಿ. ಕೊನೆಗೆ ಬ್ರೌಸರ್ ನೋಡಿ, ಕೈಯಲ್ಲಿರುವ ಮೊಬೈಲಿನ ಅಪ್‌ಡೇಟೂ ನೋಡಿ.

ನಿಮಗೆ ಕಣ್ಣು ಮಂಜು, ಇಂಗ್ಲಿಷ್ ಬಾರದು ಎಂದರೆ ಮನೆಯಲ್ಲಿ ಪಿಯುಸಿ ಓದುವ ಹುಡುಗಿಗೆ ಈ ಕೆಲಸ ಒಪ್ಪಿಸಿ. ಅವಳು ಹದಿನೈದು ನಿಮಿಷದಲ್ಲಿ ಕಲಿಯುತ್ತಾಳೆ. ಆದರೆ ಮಾಡಿದಳೇ ಇಲ್ಲವೇ ಎಂದು ತಿಂಗಳು ತಿಂಗಳು ಕೇಳುವವರು ನೀವೇ ಆಗಿರಿ. ಒಂಟಿಯಾಗಿರುವ ಅಕ್ಕಪಕ್ಕದ ಹಿರಿಯರ ಮನೆಯಲ್ಲೂ ಒಂದು ಹಳೆಯ ಕಂಪ್ಯೂಟರ್ ಇದ್ದೇ ಇರುತ್ತದೆ, ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟು ಹೋದದ್ದು. ಈ ಭಾನುವಾರ ನಿಮ್ಮದು ಮುಗಿದ ಮೇಲೆ ಅವಳನ್ನು ಅಲ್ಲಿಗೂ ಒಮ್ಮೆ ಕಳಿಸಿ.